ಮೂಗುದಾರ ಚೆಂಡಿಗಿರಲಿ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಒಬ್ಬರು ಹೊಸದಾಗಿ ಗಾಲ್ಫ್ ಹಿಡಿದಿದ್ದಾರೆ. ಸೋಮವಾರ ಕಾಫಿ ಕೈಗೆ ಬರೋದಕ್ಕೆ ಮುಂಚೆಯೇ ಶುರು: "ಹೊಸ ಡ್ರೈವರ್ ತಗೊಂಡೆ ಗುರು, ಹತ್ತು ಗಜ ಜಾಸ್ತಿ ಹೋಗ್ತಿದೆ!" ಯಾವ ಕಡೆಗೆ ಹೋಗ್ತಿದೆ ಅಂತ ಕೇಳಿದರೆ ಮಾತ್ರ ಮೌನ.

ಮೊನ್ನೆ ಅವರು ಸಿಟ್ಟಲ್ಲಿದ್ದರು. ಗಾಲ್ಫ್ ನಿಯಮ ಬರೆಯುವ ಎರಡು ಸಂಸ್ಥೆಗಳು, ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ, ಚೆಂಡು ಹೋಗುವ ದೂರಕ್ಕೆ ಕತ್ತರಿ ಹಾಕಲು ಹೊರಟಿವೆಯಲ್ಲ, ಅದಕ್ಕೆ. "ತಂತ್ರಜ್ಞಾನಕ್ಕೆ ಬೇಲಿ ಹಾಕೋದಾ? ಯಾವ ಕಾಲದಲ್ಲಿದ್ದೀವಿ?"

ಹಾಕಲೇಬೇಕು ಅಂತ ನಾನಂತೀನಿ. ಇಷ್ಟು ತಡವಾಯಿತಲ್ಲ ಅನ್ನೋದೊಂದೇ ಬೇಸರ.

ಲೆಕ್ಕ ನೋಡಿ. 1980ರಲ್ಲಿ ಅಮೆರಿಕದ ಪಿಜಿಎ ಟೂರ್ ಆಟಗಾರರ ಡ್ರೈವ್ ಸರಾಸರಿ ಸುಮಾರು 257 ಗಜ. ಈಗ 300ರ ಆಸುಪಾಸು. "ಅದು ಜಿಮ್ ಮಹಿಮೆ" ಅಂತಾರೆ. ಸ್ವಲ್ಪ ಮಟ್ಟಿಗೆ ಒಪ್ಪೋಣ. ಆದರೆ 2000ದಲ್ಲಿ ಸುಮಾರು 273 ಇದ್ದದ್ದು 2003ಕ್ಕೆ 286 ಆಯಿತು. ಮೂರೇ ವರ್ಷದಲ್ಲಿ ಎಲ್ಲರ ರಟ್ಟೆಗೂ ಹದಿಮೂರು ಗಜದ ಬಲ ಬಂತಾ? ಬದಲಾದದ್ದು ರಟ್ಟೆಯಲ್ಲ, ಚೆಂಡು. ಒಳಗೆ ರಬ್ಬರ್ ದಾರ ಸುತ್ತಿದ ಹಳೇ ಚೆಂಡು ಬಿಟ್ಟು ವೃತ್ತಿಪರರೆಲ್ಲ ಗಟ್ಟಿ ತಿರುಳಿನ ಚೆಂಡಿಗೆ ಹೋದದ್ದು ಆಗಲೇ.

ಚೆಂಡು ಮುಂದೆ ಹೋದಷ್ಟೂ, ಅದನ್ನು ಇಟ್ಟು ಹೊಡೆಯುವ ಜಾಗ ಹಿಂದೆ ಹೋಗಬೇಕು. ಮಾಸ್ಟರ್ಸ್ ನಡೆಯುವ ಆಗಸ್ಟಾದವರು ಪಕ್ಕದ ಕ್ಲಬ್ಬಿನಿಂದ ಜಾಗ ಕೊಂಡು, 2023ರಲ್ಲಿ 13ನೇ ಹೋಲನ್ನು 510ರಿಂದ 545 ಗಜಕ್ಕೆ ಎಳೆದರು. ಅವರ ಹತ್ತಿರ ದುಡ್ಡಿದೆ, ಮಾಡಿದರು. 1876ರಲ್ಲಿ ಶುರುವಾದ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹೈಗ್ರೌಂಡ್ಸ್‌ನಲ್ಲಿ ಹಿಂದೆ ಸರಿಯೋದೆಲ್ಲಿಗೆ, ರಸ್ತೆಗಾ? ಉದ್ದವಾದ ಪ್ರತಿ ಗಜಕ್ಕೂ ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಆಟಕ್ಕೆ ಬೇಲಿ ಹೊಸದೇನಲ್ಲ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ ಜಾವೆಲಿನನ್ನು 104.80 ಮೀಟರ್ ಎಸೆದ. ಅದಕ್ಕಂತ ಸ್ಟೇಡಿಯಂಗಳನ್ನು ದೊಡ್ಡದು ಮಾಡಲಿಲ್ಲ. 1986ರಿಂದ ಜಾವೆಲಿನ್ನಿನ ತೂಕವನ್ನೇ ಮೂತಿಯ ಕಡೆ ಸರಿಸಿ, ಬೇಗ ನೆಲ ಮುಟ್ಟುವಂತೆ ಮಾಡಿದರು. 2025ರಲ್ಲಿ ನೀರಜ್ ಚೋಪ್ರಾ ದೋಹಾದಲ್ಲಿ 90.23 ಎಸೆದಾಗ ಕುಣಿದೆವಲ್ಲ, "ಅಯ್ಯೋ, 104 ಆಗಲಿಲ್ಲ" ಅಂತ ಯಾರಾದರೂ ಅತ್ತರಾ? ಕ್ರಿಕೆಟ್ ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದು ಅಂತ 2017ರಲ್ಲಿ ನಿಯಮ ಬಂತು. ಸಿಕ್ಸರ್ ಏನು ನಿಂತುಹೋದವಾ?

"ಭಾನುವಾರ ಆಡುವ ನಾವೇನು ಪಾಪ ಮಾಡಿದ್ವಿ?" ಇದು ನ್ಯಾಯವಾದ ಪ್ರಶ್ನೆ. 2023ರ ಮಾರ್ಚ್‌ನ ಮೊದಲ ಪ್ರಸ್ತಾಪ ಉನ್ನತ ಮಟ್ಟದ ಸ್ಪರ್ಧೆಗಳಿಗೆ ಮಾತ್ರ ಇತ್ತು. ಪಿಜಿಎ ಟೂರ್ ಒಪ್ಪಲಿಲ್ಲ. ಚೆಂಡು ಮಾರುವ ದೊಡ್ಡ ಕಂಪನಿಗಳು ಅವರಿಗೊಂದು ನಿಯಮ, ಇವರಿಗೊಂದು ನಿಯಮ ಬೇಡ ಅಂದವು. ಸರಿ, ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದೇ ನಿಯಮ ಪ್ರಕಟವಾಯಿತು: ಗಂಟೆಗೆ 120 ಮೈಲಿ ವೇಗದ ಹೊಡೆತಕ್ಕೆ ಇದ್ದ 317 ಗಜದ ಮಿತಿ ಇನ್ನು ಮುಂದೆ 125 ಮೈಲಿ ವೇಗದ ಹೊಡೆತಕ್ಕೂ ಅನ್ವಯ. ಅದಕ್ಕೂ ತಕರಾರು! ಅಂದರೆ ಬೇಡವಾಗಿರೋದು ಇಬ್ಬಗೆಯ ನಿಯಮವಲ್ಲ, ನಿಯಮವೇ.

ನಿಯಮ ಬರೆದವರ ಅಂದಾಜಿನಂತೆ ಅತಿ ದೂರ ಹೊಡೆಯುವ ವೃತ್ತಿಪರರು ಕಳೆದುಕೊಳ್ಳೋದು 13ರಿಂದ 15 ಗಜ. ಆ ಮೂರು ವರ್ಷದಲ್ಲಿ ಬಿಟ್ಟಿಯಾಗಿ ಸಿಕ್ಕಿದ್ದು ಹೆಚ್ಚುಕಮ್ಮಿ ಅಷ್ಟೇ. ವಾಪಸ್ ಕೊಡ್ತಿದ್ದಾರೆ, ಅಷ್ಟೇ ಸ್ವಾಮಿ. ನಮ್ಮಂಥವರಿಗೆ ಹೋಗೋದು 5 ಗಜ, ಅಥವಾ ಅದಕ್ಕಿಂತ ಕಡಿಮೆ.

ದೂರವೇ ಗಾಲ್ಫ್ ಅನ್ನೋರು ನಮ್ಮೂರಿನ ಅದಿತಿ ಅಶೋಕ್ ಅವರನ್ನು ನೆನೆಯಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೈವ್ ದೂರದಲ್ಲಿ ತೀರಾ ಹಿಂದಿದ್ದವರು ಪಟ್ಟರ್ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು. ಆ ಜಾಣ್ಮೆಗೆ ಬೆಲೆ ಉಳಿಯಬೇಕು ಅಂದರೆ ಯಂತ್ರದ ಬಲಕ್ಕೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು.

ಸಹೋದ್ಯೋಗಿಗೆ ನಾನು ಹೇಳಿದ್ದಿಷ್ಟು: "ಐದು ಗಜ ಹತ್ತಿರ ಬಿದ್ದರೆ ಒಳ್ಳೇದೇ ಅಲ್ವಾ ಸಾರ್? ಹುಡುಕಿದಾಗ ಸಿಕ್ಕಾದರೂ ಸಿಗುತ್ತೆ."