“ಎಲ್ಲಾರೂ ಕೂಡಿ” ಅಂದ್ರ ಯಾರು ಯಾರು?

ಬ್ಯಾಸಗಿ ಸೂಟಿ ಬಂತಂದ್ರ ನಮ್ಮ ಹುಬ್ಬಳ್ಳಿ ಕಡೆ ಮನಿಮನ್ಯಾಗ ಒಂದ ಮಾತು ಶುರು ಆಗ್ತೈತಿ. “ಈ ಸಲ ಹುಡುಗೂರನ್ನ ಕರಕೊಂಡು ಎಲ್ಲಾರೂ ಕೂಡಿ ವಾಟರ್ ಪಾರ್ಕಿಗೆ ಹೋಗೂಣು.” ಹೇಳಾವ್ರು ಗಂಡಸರು, ಕುಣಿಯಾವ್ರು ಹುಡುಗೂರು. ಚೀಲ ತುಂಬಾವ್ರು ಯಾರಂತ ನಿಮಗ ನಾನೇನ್ ಹೇಳೂದು ಬ್ಯಾಡ. ಈ “ಎಲ್ಲಾರೂ ಕೂಡಿ” ಅನ್ನೂ ಮಾತಿನ ಮ್ಯಾಲ ನನಗ ಭಾಳ ದಿವಸದ್ದು ಸಿಟ್ಟೈತಿ. ಇವತ್ತ ಬರದ ಬಿಡ್ತೇನಿ. ಓದಿ ನಮ್ಮ ಮೈದುನಗ ಬ್ಯಾಸರಾದ್ರ ಆಗ್ಲಿ, ಅವ ಹೆಂಗೂ ನನ್ನ ಬರಹ ಪೂರಾ ಓದೂದಿಲ್ಲ.

ಪಾರ್ಕು ಬ್ಯಾಡ ಅಂತ ನಾ ಹೇಳೂದಿಲ್ಲ. ಹುಡುಗೂರು ಒದರಬೇಕು, ನೀರಾಗ ಬೀಳಬೇಕು, ಒಂದ ದಿವಸರ ಮೊಬೈಲ್ ಬಿಡಬೇಕು. ನನ್ನ ತಕರಾರು ಇರೂದು ಅದನ್ನ ಗೊತ್ತು ಮಾಡೂ ರೀತಿ ಮ್ಯಾಲ. ನಾಕು ವರ್ಷದ ಕೂಸು, ಹತ್ತು ವರ್ಷದ ಇಬ್ಬರು ಹುಡುಗೂರು, ಹದಿಮೂರರ ಹುಡುಗಿ, ಎಪ್ಪತ್ತಾರು ವರ್ಷದ ಅತ್ತಿ, ಇವರನ್ನೆಲ್ಲಾ ಒಂದ ಗಾಡ್ಯಾಗ ತುಂಬಿ, ಒಂದ ಗೇಟಿನ್ಯಾಗ ಬಿಟ್ಟು, “ಮಜಾ ಮಾಡ್ರಿ” ಅಂದ್ರ ಮಜಾ ಆಗ್ತೈತೇನು?

ಮೊದಲ ಮಾತು ಎತ್ತರದ್ದು. ಈ ಪಾರ್ಕುಗಳು ವಯಸ್ಸು ಕೇಳೂದು ಕಡಿಮಿ, ಎತ್ತರ ಅಳಿಯೂದು ಹೆಚ್ಚು. ಬೆಂಗಳೂರಿನ ಮೈಸೂರು ರಸ್ತೆಯೊಳಗ, ಬಿಡದಿ ಹತ್ರ, 2005ರಾಗ ಶುರು ಆದ ವಂಡರ್‌ಲಾದೊಳಗ ಸಣ್ಣವರ ಟಿಕೀಟು ಸುದ್ದಾ ಎತ್ತರದ ಮ್ಯಾಲ. ಜೀವ ಝಲ್ ಅನ್ನೂ ದೊಡ್ಡ ಆಟಗಳಿಗೆ 140 ಸೆಂಟಿಮೀಟರ್, ಅಂದ್ರ ನಾಕು ಫೂಟು ಏಳು ಇಂಚು ಬೇಕಂತಾರ. ಇದು ಅವರು ಸುಮ್ಮನ ಮಾಡಿದ ಕಾನೂನಲ್ಲ. ಎದಿ ಮ್ಯಾಲ ಬೀಳೂ ಕಬ್ಬಿಣದ ಪಟ್ಟಿ ಒಂದು ಅಳತಿ ಮೈಗೆ ಅಂತ ಮಾಡಿರ್ತಾರ. ಸಣ್ಣ ಮೈ ಆದ್ರ ತಲಿಕೆಳಗ ಆದಾಗ ಜಾರಿ ಹೋಗ್ತೈತಿ. ಅಲ್ಲಿ ನಿಂತ ಹುಡುಗನ ಜೋಡಿ “ಒಂದ ಇಂಚಿಗೇನ್ರಿ, ಬಿಡ್ರಿ” ಅಂತ ಜಗಳಾ ತಗಿಯೂ ಅಪ್ಪಂದಿರನ್ನ ನಾ ನೋಡೇನಿ. ಆ ಹುಡುಗ ಬಿಡಲಿಲ್ಲ, ಛಲೋ ಮಾಡಿದ.

ಹತ್ತು ವರ್ಷದ ಹುಡುಗೂರು ಸಾಮಾನ್ಯವಾಗಿ ಈ 140ರ ಆಸುಪಾಸಿನ್ಯಾಗ ಇರ್ತಾರ, ಒಬ್ಬ ಮ್ಯಾಲ, ಒಬ್ಬ ಕೆಳಗ. ನಮ್ಮ ನಾದಿನಿ ಮಗ, ನಮ್ಮ ಭಾವನವರ ಮೊಮ್ಮಗ, ಇಬ್ಬರೂ ಒಂದ ವಾರಿಗಿ, ಒಂದ ತಾಟಿನ್ಯಾಗ ಉಣ್ಣಾವ್ರು. ಹ್ವಾದ ವರ್ಷ ಇಬ್ಬರನ್ನೂ ಅಳತಿ ಕೋಲಿನ ಮುಂದ ನಿಲ್ಲಿಸಿದ್ರು. ಒಬ್ಬ ಪಾಸು, ಇನ್ನೊಬ್ಬಗ ಆರು ಸೆಂಟಿಮೀಟರ್ ಕಡಿಮಿ. ಪಾಸ್ ಆದಾವ ಓಡಿ ಹೋದ. ಕಡಿಮಿ ಬಿದ್ದಾವನ ಮುಂದ ಅವರ ಕಾಕಾ ನಕ್ಕೊಂತ “ಹಾಲು ಕುಡಿ ಅಂದ್ರ ಕುಡಿಯಂಗಿಲ್ಲ, ಹಿಂಗ ಆಗ್ತೈತಿ” ಅಂದ. ಆ ಕೂಸು ಇಡೀ ದಿವಸ ಯಾವ ಆಟಕ್ಕೂ ಹೋಗಲಿಲ್ಲ. ಟಿಕೀಟಿನ ರೊಕ್ಕಾ ಹೋತು ಅಂತ ಬ್ಯಾರೆ ಬೈಸಿಕೊಂಡ. ನಾ ಕೇಳ್ತೇನಿ, ಮನ್ಯಾಗ ಬಾಗಲ ಚೌಕಟ್ಟು ಇಲ್ಲೇನು? ಬಟ್ಟಿ ಹೊಲಿಯೂ ಟೇಪ್ ಇಲ್ಲೇನು? ಹೋಗೂ ಮುಂಚೆ ಗ್ವಾಡಿಗೆ ನಿಲ್ಲಿಸಿ ಪೆನ್ಸಿಲ್ಲಿಲೆ ಒಂದು ಗೀಟು ಹಾಕಿದ್ರ ಆ ಹುಡುಗ ಮನ್ಯಾಗ ಒಂದ ತಾಸು ಅಳ್ತಿದ್ದ, ನಾಕು ಮಂದಿ ಮುಂದ ಮರ್ಯಾದಿ ಕಳಕೊಳ್ತಿರಲಿಲ್ಲ. ಇಬ್ಬರೂ ಕೂಡಿ ಆಡೂ ಆಟ ಯಾವ ಅದಾವು ಅಂತ ಮೊದಲ ನೋಡಿ ಇಡಬಹುದಿತ್ತು.

ಇನ್ನ ಆ ಹದಿಮೂರರ ಹುಡುಗಿದು. ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ. ಅಕಿನ್ನ ಕೇಳಿದೆ, “ಹೆಸರು ಹಾಕಬ್ಯಾಡ ದೊಡ್ಡವ್ವ, ಉಳದದ್ದು ಬರಿ” ಅಂದ್ಲು.

ಮೈದುನ ರಾತ್ರಿ ಮೊಬೈಲ್‌ನ್ಯಾಗ ಟಿಕೀಟು ಮಾಡಿಸಿ ಮುಂಜಾನೆ ಚಾ ಕುಡಿಯೂಮುಂದ ತಾರೀಖು ಹೇಳಿದ. ಅಡಗಿ ಮನ್ಯಾಗ ನಮ್ಮ ನೆಗೆಣ್ಣಿ ರೊಟ್ಟಿ ಬಡಿಯೂದು ಬಿಟ್ಟು ಬೆರಳು ಎಣಿಸಿದ್ಲು. ಸರಿಯಾಗಿ ಮಗಳ ತಿಂಗಳದ ದಿವಸಕ್ಕ ಬಂದಿತ್ತು. ಹೊರಗ ಯಾರಿಗೂ ಹೇಳೂ ಧೈರ್ಯ ಇಲ್ಲ. ಪಡಸಾಲ್ಯಾಗಿಂದ ಒಬ್ಬರಿಗೆ ಸುಳುವು ಹತ್ತಿ, “ಅದಕ್ಕೇನು, ಮುಂದ ಹಾಕೂ ಗುಳಿಗಿ ಸಿಗ್ತಾವಲ್ಲ” ಅಂತ ಸಲಹಾ ಬಂತು. ಹೇಳಿದಾಕಿ ಹೆಣ್ಣುಮಗಳ, ಗಂಡಸಲ್ಲ. ಅದಕ್ಕ ನನಗ ಇನ್ನೂ ಹೆಚ್ಚು ಸಿಟ್ಟು ಬಂತು.

ಪೂಜಾ ಇದ್ರ ಗುಳಿಗಿ, ಮದುವಿ ಇದ್ರ ಗುಳಿಗಿ, ಈಗ ನೀರಾಗ ಜಿಗಿಯಾಕೂ ಗುಳಿಗಿ! ಅದು ನಾರ್ಎಥಿಸ್ಟಿರಾನ್ ಅನ್ನೂ ಹಾರ್ಮೋನ್ ಔಷಧ. ಪೆಪ್ಪರಮಿಂಟ್ ಅಲ್ಲ. ಮುಟ್ಟಿಗೆ ಮೂರು ದಿವಸ ಮೊದಲ ಶುರು ಮಾಡಿ ದಿವಸಕ್ಕ ಮೂರು ಸಲ ನುಂಗಬೇಕು, ಡಾಕ್ಟರ್ ಚೀಟಿ ಮ್ಯಾಲ ತಗೋಬೇಕು. ಮನಿತನದಾಗ ಯಾರಿಗರ ರಕ್ತ ಹೆಪ್ಪುಗಟ್ಟೂ ತ್ರಾಸಿತ್ತೇನು ಅಂತ ಅವರು ಕೇಳ್ತಾರ, ಕೇಳೂಹಂಗನ ಅದು. ಮೈನೆರದು ಒಂದು ವರ್ಷಾತೋ ಇಲ್ಲೋ ಅನ್ನೂ ಹುಡುಗಿಗೆ, ಒಂದು ದಿವಸದ ಆಟಕ್ಕ, ಔಷಧ ಅಂಗಡಿಯಿಂದ ಸುಮ್ಮನ ತಂದು ಬಾಯಾಗ ಹಾಕೂದು ಯಾವ ನ್ಯಾಯ? “ತಾರೀಖು ಬದಲು ಮಾಡ್ರಿ” ಅಂದೆ. “ಟಿಕೀಟ್ ಆಗ್ಯಾವು ವೈನಿ, ರೊಕ್ಕಾ ಹೊಳ್ಳಿ ಬರಂಗಿಲ್ಲ” ಅಂದ ಮೈದುನ.

ಗುಳಿಗಿ ಕೊಡಗೊಡಲಿಲ್ಲ, ಅಷ್ಟು ನಡೀತು. ಹುಡುಗಿ ಬಂದ್ಲು. ಕರಿ ಚೂಡಿದಾರ ಹಾಕ್ಕೊಂಡು ಗಿಡದ ನೆಳ್ಳಿನ್ಯಾಗ ಅಜ್ಜಿ ಮಗ್ಗಲಕ ಕುಂತ್ಲು. ತಮ್ಮಂದಿರು ಬಂದು ಬಂದು ಕರದ್ರ “ಅಕ್ಕಗ ತಲಿನೋವು” ಅಂತ ಸುಳ್ಳು ಹೇಳಬೇಕಾತು. ನೀರಿಲ್ಲದ ಆಟ ಎಷ್ಟೋ ಇದ್ದು. ಅಕಿ ಎತ್ತರಾನೂ ಸಾಕಷ್ಟೈತಿ, ಧೈರ್ಯ ಅಂತೂ ಆ ಇಬ್ಬರು ಹುಡುಗೂರಕಿಂತ ಹೆಚ್ಚು. ಆದ್ರ ಕರಕೊಂಡು ಹೋಗಾವ್ರು ಯಾರು? ಎಲ್ಲಾರೂ ಕೂಡಿ ನೀರಿನ ಕಡೆ ಹೋಗಿದ್ರಲ್ಲ!

ಮೂರನೇದು ಚೀಲ ಕಾಯೂ ನೌಕರಿ. ಎಂದರ ಪಾರ್ಕಿಗೆ ಹೋದ್ರ ಆಟ ನೋಡಬ್ಯಾಡ್ರಿ, ಬೆಂಚು ನೋಡ್ರಿ. ಸಾಲಕ ಸಾಲು ಹೆಣ್ಣುಮಕ್ಕಳು. ಉಡ್ಯಾಗ ಎಂಟು ಮೊಬೈಲು, ಮೂರು ಚಾಳೀಸು, ಸೊಸಿ ತಾಳಿಸರ, ತೊಯ್ದ ಟಾವೆಲ್ಲು, ಅರ್ಧ ತಿಂದ ಕುರಕುರೆ. ಪೂರಾ ಟಿಕೀಟು ಕೊಟ್ಟು ಒಳಗ ಬಂದು ಮುಂಜಾನಿಂದ ಸಂಜೀತನಕ ಪಹರೆ. ಸೀರಿ ಉಟ್ಟು ನೀರಾಗ ಇಳಿಯಾಕ ಬಿಡಂಗಿಲ್ಲ, ನೈಲಾನ್ ಅರಿವಿ ಬೇಕು ಅನ್ನೂದು ಗಂಡಸರಿಗೆ ಮೊದಲ ಗೊತ್ತಿರ್ತೈತಿ, ಅವರ ಚಡ್ಡಿ ಚೀಲದಾಗ ಬಂದಿರ್ತಾವು. ನಮಗ ಗೇಟಿನ್ಯಾಗ ಗೊತ್ತಾಗ್ತೈತಿ. ಲಾಕರ್ ಸಿಗ್ತಾವಲ್ಲ ಅಂದ್ರ “ಬಾಡಿಗಿ ಯಾಕ ಕೊಡೂದು, ನೀವು ಇದ್ದೇ ಇರ್ತೀರಲ್ಲ” ಅಂತಾರ. ನನ್ನ ಟಿಕೀಟಿನ ರೊಕ್ಕಕ್ಕ ಎಷ್ಟು ಲಾಕರ್ ಬರ್ತಿದ್ದು, ಲೆಕ್ಕಾ ಹಾಕ್ರಿ.

“ಹಂಗಾದ್ರ ಬ್ಯಾರೆ ಬ್ಯಾರೆ ಹೋಗೂದೇನು? ಮನಿ ಒಡದಂಗ ಆಗಂಗಿಲ್ಲೇನು?” ಅಂತ ಮಗ್ಗಲ ಮನಿ ಅಕ್ಕಾರು ಕೇಳಿದ್ರು. ಅಕ್ಕಾರ, ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರಿಗೆ ನಾವು ಸಣ್ಣವರಿದ್ದಾಗಿಂದ ಹೊಂಟೇವಿ. ಹುಡುಗೂರು ತೊಟ್ಟಿಲ ಆಡಾಕ ಓಡ್ತಿದ್ರು, ಮುದುಕರು ಅಜ್ಜಾರ ದರ್ಶನಕ್ಕ ಪಾಳಿ ಹಚ್ಚತಿದ್ರು, ನಾವು ಬಳಿ ಅಂಗಡ್ಯಾಗ ಇರ್ತಿದ್ವಿ. ಹಸಿವಾದಾಗ ಗೊತ್ತಿದ್ದ ಒಂದ ಗಿಡದ ಬುಡಕ ಎಲ್ಲಾರೂ ಬಂದು ಬುತ್ತಿ ಬಿಚ್ಚತಿದ್ವಿ. ಆವಾಗ ಮನಿ ಒಡದಿತ್ತೇನು?

ಪಾರ್ಕಿಗೂ ಹಂಗ ಹೋಗ್ರಿ ಅಂತೇನಿ. ದೊಡ್ಡ ಹುಡುಗೂರ ಜೋಡಿ ಇಬ್ಬರು, ಕೂಸಿನ ಜೋಡಿ ಇಬ್ಬರು, ಊಟಕ್ಕ ಒಂದ ಜಾಗಾ ಗೊತ್ತು ಮಾಡಿ ಅಲ್ಲಿ ಕೂಡೂದು, ಊಟಾದ ಮ್ಯಾಲ ದೊಡ್ಡವರು ಪಾಳಿ ಬದಲು ಮಾಡೂದು. ಕೂಸಿನ್ನ ಮುಂಜಾನೆ ತಣ್ಣಗಿದ್ದಾಗ ಮೊಣಕಾಲು ಮಟ್ಟದ ನೀರಾಗ ಆಡಿಸಿದ್ರ ಮಧ್ಯಾಹ್ನ ತಾನ ಮಲಗ್ತೈತಿ. ಸೂಟ್ಯಾಗ ಆಯಿತವಾರ ಹೋದ್ರ ಪಾಳಿಯೊಳಗ ನಿಂತ ಹೊತ್ತು ಹೋಗ್ತೈತಿ, ಮಂಗಳವಾರ ಬುಧವಾರ ನೋಡ್ರಿ. ಒಂದು ದಿವಸದ ರಜಾ ಹಾಕಿದ್ರ ಆಫೀಸು ಮುಳುಗಂಗಿಲ್ಲ.

ಅತ್ತಿಯವರನ್ನ ಯಾರೂ ಕೇಳಿರಲಿಲ್ಲ, ನಾ ಕೇಳಿದೆ. “ನನಗ ಆ ಗದ್ದಲ ಬ್ಯಾಡವಾ, ಗೊಟಗೋಡಿಗೆ ಇನ್ನೊಮ್ಮೆ ಕರಕೊಂಡು ಹೋಗ್ರಿ ಸಾಕು” ಅಂದ್ರು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯೊಳಗ ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಐತಲ್ಲ, ಅದು. ಎತ್ತು, ಎಮ್ಮಿ, ಬೀಸೂ ಕಲ್ಲು, ಹಳ್ಳಿ ಮನಿ, ಎಲ್ಲಾ ಜೀವಂತ ಇದ್ದಂಗ ಮೂರ್ತಿ ಮಾಡ್ಯಾರ. ಅಲ್ಲಿ ಅಳತಿ ಕೋಲಿಲ್ಲ. ನಾಕು ವರ್ಷದ ಕೂಸೂ, ಎಪ್ಪತ್ತಾರರ ಮುದುಕೀನೂ ಒಂದ ಎತ್ತಿನ ಮುಂದ ನಿಂತು ಮಾತಾಡಬಹುದು. ಎಲ್ಲಾರೂ ಕೂಡಿ ಹೋಗೂ ಹಟಾ ಇದ್ರ ಅಂಥಲ್ಲಿ ಹೋಗ್ರಿ, ಹುಬ್ಬಳ್ಳಿಯಿಂದ ಹೋಗಿ ಅದ ದಿವಸ ಹೊಳ್ಳಿ ಬರಬಹುದು.

ಈಗ ದಸರಾ ಸೂಟಿಗೆ ಮತ್ತ ಪಾರ್ಕಿನ ಮಾತು ಎದ್ದೈತಿ. ಬಾಗಲ ಚೌಕಟ್ಟಿನ ಮ್ಯಾಲ ಐದು ಗೀಟು ಬಿದ್ದಾವು, ಆ ಕಡಿಮಿ ಬಿದ್ದ ಹುಡುಗ ಈಗ ಮೂರು ಸೆಂಟಿಮೀಟರ್ ಬೆಳದಾನ, ದಿನಾ ಹೋಗಿ ನಿಂತು ನೋಡ್ತಾನ. ಮೈದುನ ಮೊಬೈಲ್ ಹಿಡಕೊಂಡು ತಾರೀಖು ಕೇಳಾಕ ಬಂದಿದ್ದ. “ನನ್ನೇನ್ ಕೇಳ್ತಿ, ನಿನ್ನ ಮಗಳನ್ನ ಕೇಳ್ಹೋಗು” ಅಂದೇನಿ. ಎರಡು ದಿವಸಾತು, ಇನ್ನೂ ಕೇಳಿಲ್ಲ. ಕೇಳೂತನಕ ನಾ ಚೀಲ ತುಂಬೂದಿಲ್ಲ.