ಒಂದೇ ಬಾರಿ ಬಳಕೆಯಾದ ಪದ

ಪ್ರಾಚೀನ ಇಂಗ್ಲಿಷಿನಲ್ಲಿ ‘ಊಹ್ತ್‌ಚೆಯರು’ ಎಂಬ ಸಮಾಸಪದವಿದೆ. ‘ಊಹ್ತ್’ ಎಂದರೆ ಸೂರ್ಯೋದಯಕ್ಕೆ ಮುಂಚಿನ ಜಾವ. ‘ಚೆಯರು’ ಎಂದರೆ ಚಿಂತೆ, ದುಃಖ. ಇಂದಿನ ‘ಕೇರ್’ ಇದರಿಂದಲೇ ಬಂದುದು. ಬೆಳಗಿನ ಜಾವ ನಿದ್ದೆಗೆಟ್ಟು ಪಡುವ ಚಿಂತೆಯೇ ಈ ಪದದ ಅರ್ಥ. ಪತಿಯಿಂದ ಅಗಲಿದ ಸ್ತ್ರೀಯೊಬ್ಬಳ ಪ್ರಲಾಪವಾದ ‘ದಿ ವೈಫ್ಸ್ ಲಮೆಂಟ್’ ಕವಿತೆಯಲ್ಲಿ ಇದು ಒಮ್ಮೆ ಮಾತ್ರ ಕಾಣಿಸಿಕೊಳ್ಳುತ್ತದೆ.

ಆ ಕವಿತೆಯಾದರೂ ಉಳಿದಿರುವುದು 10ನೆಯ ಶತಮಾನದ ಒಂದೇ ಹಸ್ತಪ್ರತಿಯಲ್ಲಿ. 1072ರಲ್ಲಿ ನಿಧನನಾದ ಬಿಷಪ್ ಲಿಯೋಫ್ರಿಕ್ ಅದನ್ನು ಇಂಗ್ಲೆಂಡಿನ ಎಕ್ಸೆಟರ್ ಕೆಥೀಡ್ರಲ್ಲಿಗೆ ದಾನವಿತ್ತನು. ಅದರ ಮೇಲೆ ಚಾಕುವಿನ ಗೀರುಗಳಿವೆ. ಕೊನೆಯ ಹಾಳೆಗಳು ಸುಟ್ಟಿವೆ. ಬೆಂಕಿ ಇನ್ನು ಕೆಲವೇ ಹಾಳೆಗಳಷ್ಟು ಒಳಹೊಕ್ಕಿದ್ದರೆ ಈ ಪದ ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ.

ಬಳಕೆ ತಪ್ಪಿದ ಪದಗಳು ನಿಘಂಟಿಗೆ ಹೊರೆಯೆಂದು ವಾದಿಸುವವರುಂಟು. ಆದರೆ ಪದ ಮರೆಯಾದರೂ ಅದು ಹೆಸರಿಸಿದ ಸಂಕಟ ಮರೆಯಾಗಿಲ್ಲ. ವಿರಳವಾದುದು ವ್ಯರ್ಥವಾದುದಲ್ಲ. ಗೆದ್ದಲು ತಿಂದ ಒಂದು ತಾಡವೋಲೆಯೊಡನೆ ಏನೇನು ಅಳಿಯುತ್ತದೆಂಬುದನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸ್ತಪ್ರತಿಯ ರಕ್ಷಣೆಯೇ ಪದದ ರಕ್ಷಣೆ.