ವಿಜ್ಞಾನಕ್ಕೆ ಸೇರಿಸುವ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಪಾಲಕರು ವಿಜ್ಞಾನದ ಅಂಕಗಳನ್ನು ನೋಡಿ ಮಕ್ಕಳ ಮುಂದಿನ ದಾರಿ ನಿರ್ಧರಿಸುತ್ತಾರೆ. ಗಣಿತದ ಅಂಕಗಳನ್ನು ಮೊದಲು ನೋಡುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಕಾರಣ ಪಠ್ಯದಲ್ಲಿಯೇ ಇದೆ. 6 ಮತ್ತು 3 ಓಮ್‌ಗಳ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 2 ಓಮ್. ಆರರಲ್ಲೊಂದು, ಮೂರರಲ್ಲೊಂದು ಭಾಗಗಳನ್ನು ಕೂಡಿಸುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸುವ ಬಾಲಕನಿಗೆ ನಾಲ್ಕೂವರೆ ಓಮ್ ಬರುತ್ತದೆ. ಅವನಿಗೆ ವಿದ್ಯುತ್ತೇ ಅರ್ಥವಾಗಿಲ್ಲವೆಂದು ತೀರ್ಪು ಕೊಡಲಾಗುತ್ತದೆ. ಅವನಿಗೆ ಅರ್ಥವಾಗದಿದ್ದುದು ಭಿನ್ನರಾಶಿ!

ಪಿಯುಸಿಯಲ್ಲಿ ತೊಡಕು ಇನ್ನೂ ಹೆಚ್ಚು. ಭೌತಶಾಸ್ತ್ರದ ಆರಂಭದ ಅಧ್ಯಾಯಗಳಲ್ಲಿಯೇ ವೇಗವನ್ನು ಕಲನಶಾಸ್ತ್ರದ ಭಾಷೆಯಲ್ಲಿ ಹೇಳಲಾಗುತ್ತದೆ. ಗಣಿತದ ಪುಸ್ತಕದಲ್ಲಿ ಆ ಪಾಠ ಬರುವುದು ಕೊನೆಯ ಭಾಗದಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹಳ್ಳಿಯ ಮಗುವಿಗೆ ಇಂಗ್ಲಿಷಿನ ಹೊರೆ ಬೇರೆ. ಆದರೆ ಸಮೀಕರಣ ಎರಡು ಭಾಷೆಗಳಲ್ಲಿಯೂ ಒಂದೇ. ಅದರ ಮೇಲೆ ಹಿಡಿತವಿದ್ದ ಮಗು ಭಾಷೆಯ ಕೊರತೆಯನ್ನು ನಿಧಾನವಾಗಿಯಾದರೂ ತುಂಬಿಕೊಂಡೀತು.

ಫಿಲಿಪ್ ಸ್ಯಾಡ್ಲರ್ ಹಾಗೂ ರಾಬರ್ಟ್ ಟಾಯ್ ಅಮೆರಿಕದ ಕಾಲೇಜುಗಳ ಎಂಟು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಕುರಿತು ನಡೆಸಿದ ಅಧ್ಯಯನವು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರೌಢಶಾಲೆಯಲ್ಲಿ ಹೆಚ್ಚು ಗಣಿತ ಕಲಿತವರು ಕಾಲೇಜಿನ ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಮಾತ್ರವಲ್ಲ, ಜೀವಶಾಸ್ತ್ರದಲ್ಲಿಯೂ ಮುಂದಿದ್ದರು. ಒಂದು ವಿಜ್ಞಾನವನ್ನು ಓದಿದ್ದು ಮತ್ತೊಂದಕ್ಕೆ ಅಂಥ ನೆರವಾಗಲಿಲ್ಲ. ಗಣಿತವೇ ಕಾರಣವೆಂದು ಇದರಿಂದ ಪೂರ್ಣವಾಗಿ ಸಿದ್ಧಪಡುವುದಿಲ್ಲ. ಚುರುಕಾದ ಮಕ್ಕಳೇ ಗಣಿತವನ್ನು ಆಯ್ದುಕೊಂಡಿರಲೂಬಹುದು. ಆದರೂ 'ಡಾಕ್ಟರಾಗುವವಳಿಗೆ ಲೆಕ್ಕವೇಕೆ' ಎನ್ನುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮೆಂಡಲನ ಬಟಾಣಿ ಗಿಡಗಳ 9:3:3:1 ಅನುಪಾತವು ಸಂಭವನೀಯತೆಯ ಲೆಕ್ಕವಲ್ಲದೆ ಮತ್ತೇನು?

ಗಣಿತವನ್ನು ಕಂಠಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸಗಾರರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣ ಹತ್ತುತ್ತದೆ. ಅದೇ ಸುತ್ತುಗಳಲ್ಲಿ ಮರದ ವ್ಯಾಸ ಅರ್ಧವಾದರೆ ಮೇಲ್ಮೈಯ ವೇಗವೂ ಅರ್ಧ. ವೃತ್ತದ ಪರಿಧಿಯನ್ನೂ ಶಾಖವನ್ನೂ ಒಂದೇ ದಿನ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಎಲ್ಲಿದೆ?

ನಮ್ಮ ಶಾಲಾ ಕಾಲೇಜುಗಳ ಆಡಳಿತವರ್ಗದವರಲ್ಲಿ ಒಂದು ವಿನಂತಿ. ವರ್ಷಾರಂಭದಲ್ಲಿ ಗಣಿತ ಹಾಗೂ ವಿಜ್ಞಾನದ ಅಧ್ಯಾಪಕರನ್ನು ಒಟ್ಟಿಗೆ ಕೂರಿಸಿ, ಪಾಠಗಳ ಕ್ರಮವನ್ನು ಹೊಂದಿಸಿಕೊಳ್ಳಲು ಹೇಳಿರಿ. ಪಿಯುಸಿಗೆ ಸೇರುವ ಮಕ್ಕಳಿಗೆ ತರಗತಿಗಳು ಆರಂಭವಾಗುವ ಮುನ್ನ ಎರಡು ವಾರ ಭಿನ್ನರಾಶಿ, ಬೀಜಗಣಿತ, ನಕ್ಷೆಗಳ ಪುನರಾವರ್ತನೆ ನಡೆಯಲಿ. ಧರ್ಮಕೇಂದ್ರದ ಸಭಾಂಗಣ ಸಂಜೆ ಬರಿದಾಗಿದ್ದರೆ ಅದನ್ನೇ ಬಳಸಿಕೊಳ್ಳಬಹುದು. ಯಾವ ಮತದ ಮಗುವಾದರೂ ಬರಲಿ.